ಕೀಲೆಣ್ಣೆ ಕಾಣದ ಗಾಲಿ

ಅಮೆರಿಕದಲ್ಲಿ ನಾವಿರುವ ಸೀಮೆಗೆ ಒಂದು ಅಡ್ಡಹೆಸರಿದೆ, ರಸ್ಟ್ ಬೆಲ್ಟ್ ಅಂತ. ತುಕ್ಕಿನ ಪಟ್ಟಿ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲೆ, 1980ರ ದಶಕದಲ್ಲಿ, ಪತ್ರಿಕೆಗಳಲ್ಲಿ ಓಡಾಡಿ ಗಟ್ಟಿಯಾದ ಹೆಸರು. ಒಹಾಯೊದ ಕ್ಲೀವ್‌ಲ್ಯಾಂಡ್ ಪಕ್ಕದ ಈ ಊರಿನಲ್ಲಿ ಮನೆ ಕೊಳ್ಳುವಾಗ ಅದು ನನಗೆ ಗೊತ್ತಿತ್ತು. ಅರ್ಥಶಾಸ್ತ್ರದವರ ಮಾತು, ನಮಗೇನು ಅಂದುಕೊಂಡಿದ್ದೆ. ಒಂದು ದಿನ ಅದು ನಮ್ಮ ಗರಾಜಿಗೇ ಬಂದು, ಹುಲ್ಲು ಕತ್ತರಿಸುವ ಗಾಡಿಯ ಹಿಂದಿನ ಗಾಲಿ ಹಿಡಿದು ಕೂತುಬಿಡುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಗಾಡಿ ಅಂದರೆ ಕೈಯಲ್ಲಿ ತಳ್ಳುವಂಥದ್ದಲ್ಲ, ಮೇಲೆ ಕೂತು ಓಡಿಸುವಂಥದ್ದು. ನೋಡಲಿಕ್ಕೆ ಟ್ರ್ಯಾಕ್ಟರ್ ಒಂದು ಮರಿ ಹಾಕಿದ ಹಾಗಿರುತ್ತದೆ. ಮುಂದೆ ಇಂಜಿನ್, ಹೊಟ್ಟೆಯ ಕೆಳಗೆ ಗರಗರ ತಿರುಗುವ ಎರಡು ಅಲಗು, ಹಿಂದೆ ಎರಡು ದಪ್ಪ ಗಾಲಿ, ನಡುವೆ ಒಂದು ಸೀಟು. ಆ ಸೀಟಿನಲ್ಲಿ ಕೂತರೆ ಎಂಥ ಗುಮಾಸ್ತನಿಗೂ ತಾನೊಬ್ಬ ಜಮೀನ್ದಾರ ಅನ್ನಿಸದೆ ಇರುವುದಿಲ್ಲ. ನಮ್ಮದು ಮನೆಯ ಜೊತೆಗೇ ಬಂದದ್ದು. ಮನೆ ಮಾರಿದ ಮುದುಕರು ಫ್ಲಾರಿಡಾಕ್ಕೆ ಹೊರಟಾಗ ಅದನ್ನು ಗರಾಜಿನಲ್ಲೇ ಬಿಟ್ಟು, ಒಳ್ಳೆಯ ಗಾಡಿ ಅಂತ ಅದರ ಬೆನ್ನು ತಟ್ಟಿ ಹೋದರು. ಮಾರುವವನು ಹೋರಿಯ ಬೆನ್ನು ತಟ್ಟಿದರೆ ಕೊಳ್ಳುವವನು ಹಲ್ಲು ಎಣಿಸಬೇಕು ಅನ್ನುವುದು ನಮ್ಮ ಕಡೆ ದನದ ಜಾತ್ರೆಗೆ ಹೋದವರಿಗೆಲ್ಲ ಗೊತ್ತು. ನಾನು ಎಣಿಸಲಿಲ್ಲ.

ಇಲ್ಲಿ ಮನೆ ಮುಂದೆ ಹುಲ್ಲು ಬೆಳೆಸುವುದು ಶೋಕಿಯಲ್ಲ, ಕರ್ತವ್ಯ. ನಮ್ಮ ಊರಿನ ಕಾನೂನಿನ ಪ್ರಕಾರ ಅದು 8 ಇಂಚು ದಾಟಿದರೆ ಬಾಗಿಲಿಗೆ ನೋಟೀಸು ಬರುತ್ತದೆ. ಬೆಳೆಯದಿದ್ದರೆ ಅವಮಾನ, ಬೆಳೆದರೆ ದಂಡ. 2005ರಲ್ಲಿ ನಾಸಾದ ಜೊತೆ ಕೆಲಸ ಮಾಡಿದ ವಿಜ್ಞಾನಿಗಳು ಉಪಗ್ರಹದ ಚಿತ್ರಗಳನ್ನಿಟ್ಟುಕೊಂಡು ಲೆಕ್ಕ ಹಾಕಿ, ಈ ದೇಶದ ಇಂಥ ಹುಲ್ಲುಹಾಸೆಲ್ಲ ಸೇರಿದರೆ ಸುಮಾರು 1,28,000 ಚದರ ಕಿಲೋಮೀಟರ್ ಆಗುತ್ತದೆ ಅಂದರು. ಕರ್ನಾಟಕದ ವಿಸ್ತೀರ್ಣ 1,91,791. ಅಂದರೆ ನಮ್ಮ ರಾಜ್ಯದ ಮೂರರಲ್ಲಿ ಎರಡು ಪಾಲು ಜಾಗದಲ್ಲಿ ಗೊಬ್ಬರ ಹಾಕಿ, ನೀರು ಬಿಟ್ಟು, ಹುಲ್ಲು ಬೆಳೆದು, ವಾರಕ್ಕೊಮ್ಮೆ ಕತ್ತರಿಸಿ, ಒಂದು ಎಮ್ಮೆಗೂ ಹಾಕದೆ ಬಿಡುವುದು. ಈ ಲೆಕ್ಕವನ್ನು ನಾನು ನಮ್ಮ ಮಾವನವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಎಮ್ಮೆಗಳಿಗೆ ಹೇಳ್ಬೇಡಿ" ಅಂದರು.

ಇದಕ್ಕೆಲ್ಲ ಮೂಲ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ಕು. ಗ್ಲಾಸ್ಟರ್‌ಶೈರಿನ ಗಿರಣಿಗಳಲ್ಲಿ ಉಣ್ಣೆ ಬಟ್ಟೆಯ ಮೇಲೆದ್ದ ಜುಂಗನ್ನು ಸವರಿ ನುಣುಪು ಮಾಡುವ ಯಂತ್ರವನ್ನು ನೋಡಿ, ಇದೇ ಉಪಾಯ ಹುಲ್ಲಿಗೂ ಆದೀತಲ್ಲ ಅಂದುಕೊಂಡು 1830ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಆ ಕೆಲಸವನ್ನು ಕುಡುಗೋಲು ಹಿಡಿದ ಆಳುಗಳೋ ಕುರಿಗಳೋ ಮಾಡುತ್ತಿದ್ದವು. ಕುರಿಗೆ ಗಾಲಿ ಇಲ್ಲ. ಅಚ್ಚಿಗೆ ಅಂಟಿಕೊಳ್ಳುವ ಭಯವೂ ಇಲ್ಲ.

ನಮ್ಮ ರಾಮಾಯಣ ಶುರುವಾದದ್ದು ಏಪ್ರಿಲ್ ಕೊನೆಯ ವಾರ. ಚಳಿಗಾಲವೆಲ್ಲ ಮಲಗಿದ್ದ ಗಾಡಿಯನ್ನು ಎಬ್ಬಿಸೋಣ ಅಂತ ಹೋದರೆ ಬಲಗಡೆಯ ಹಿಂದಿನ ಟೈರು ಚಪ್ಪಟೆ. ಪಂಪಿನಿಂದ ಗಾಳಿ ತುಂಬಿದರೆ ಒಂದು ಗಂಟೆ ನಿಲ್ಲುತ್ತಿತ್ತು, ಆಮೇಲೆ ನಿಟ್ಟುಸಿರು. ರಬ್ಬರಿನ ತುಂಬ ಬೇಸಿಗೆಯ ಕೆರೆ ಒಣಗಿದ ಹಾಗೆ ಬಿರುಕು. ಟೈರಿನ ಅಂಗಡಿಗೆ ಫೋನು ಮಾಡಿದೆ. ಹೊಸದು ಹಾಕಿ ಕೊಡುತ್ತೇವೆ, ಗಾಲಿ ಬಿಚ್ಚಿಕೊಂಡು ಬನ್ನಿ ಅಂದರು. ಗಾಲಿ ಬಿಚ್ಚಿಕೊಂಡು ಬನ್ನಿ. ಛತ್ರಿ ಮಡಚಿಕೊಂಡು ಬನ್ನಿ ಅನ್ನುವಷ್ಟು ಸಲೀಸಾಗಿ.

ಕಾರಿನ ಗಾಲಿಗಾದರೆ ಐದು ನಟ್ಟು. ನಟ್ಟು ಕಂಡರೆ ಮನುಷ್ಯನಿಗೆ ಧೈರ್ಯ. ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಅನ್ನುವ ನಂಬಿಕೆಯ ಮೇಲೇ ಈ ಪ್ರಪಂಚ ನಿಂತಿದೆ. ಈ ಗಾಲಿಯಲ್ಲಿ ಒಂದು ನಟ್ಟೂ ಇಲ್ಲ. ನಡುವೆ ಒಂದು ಪ್ಲಾಸ್ಟಿಕ್ ಟೋಪಿ. ಅದನ್ನು ಎಬ್ಬಿಸಿದರೆ ಅಚ್ಚಿನ ತುದಿ, ಅದರ ಸುತ್ತ ಒಂದು ವಾಷರು, ವಾಷರಿನ ಮುಂದೆ ಅಚ್ಚಿನ ಗೀರಿನಲ್ಲಿ ಕೂತ ಒಂದು ಪುಟ್ಟ ಕ್ಲಿಪ್ಪು. ಇಂಗ್ಲಿಷಿನ 'ಇ' ಅಕ್ಷರದ ಹಾಗಿರುವುದರಿಂದ ಅದನ್ನು ಇ-ಕ್ಲಿಪ್ ಅನ್ನುತ್ತಾರೆ. ಅಷ್ಟು ದೊಡ್ಡ ಗಾಲಿಯನ್ನು ಹಿಡಿದಿಟ್ಟಿರುವುದು ಕಿವಿಯೋಲೆಯಷ್ಟಿರುವ ಈ ತುಂಡು. ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೀಟಿದೆ. 'ಟಿಣ್' ಅಂತ ಸದ್ದಾಯಿತು. ಕ್ಲಿಪ್ಪು ಹೊರಟೇಹೋಯಿತು. ಎಲ್ಲಿಗೆ ಅಂತ ಇವತ್ತಿಗೂ ಗೊತ್ತಿಲ್ಲ. ಹೀಗೆ ಹಾರಿದ ಕ್ಲಿಪ್ಪುಗಳೆಲ್ಲ ಸೇರುವ ಒಂದು ಲೋಕ ಇರಲೇಬೇಕು. ಜೋಡಿ ತಪ್ಪಿದ ಕಾಲುಚೀಲಗಳೂ ಅಲ್ಲೇ ಇರುತ್ತವೆ.

ಕ್ಲಿಪ್ಪು ಹೋದ ಮೇಲೆ ಗಾಲಿ ಹಲಸಿನ ತೊಳೆಯ ಹಾಗೆ ಜಾರಿ ಬರಬೇಕು, ಶಾಸ್ತ್ರದ ಪ್ರಕಾರ. ಮುಕ್ಕಾಲು ಇಂಚು ದಪ್ಪದ ಉಕ್ಕಿನ ಅಚ್ಚು, ಅದರ ಮೇಲೆ ಸೇರಿಸಿದ ಗಾಲಿಯ ಹಬ್. ಅಚ್ಚು ತಿರುಗಿದಾಗ ಗಾಲಿಯೂ ತಿರುಗಲಿ ಅಂತ ಎರಡರ ನಡುವೆ ತೋಡಿದ ಕಾಲುವೆಯಲ್ಲಿ ಚೌಕನೆಯ ಒಂದು ಕಬ್ಬಿಣದ ಕೀ. ಇಷ್ಟೇ ಸಂಸಾರ. ಎಳೆದೆ. ಬರಲಿಲ್ಲ. ಕಾಲು ಒತ್ತುಕೊಟ್ಟು ಎಳೆದೆ. ಗಾಡಿಯೇ ನನ್ನ ಕಡೆ ಬಂತು. ಸುತ್ತಿಗೆ ತಂದು ರಿಮ್ಮಿಗೆ ಹಿಂದಿನಿಂದ ಬಾರಿಸಿದೆ. ರಿಮ್ಮು ಒಂದು ಕಡೆ ಸೊಟ್ಟಗಾಯಿತು. ಗಾಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ರೀ, ಹೊಸದು ತಗೊಳ್ಳೋಣ ಅಂತ ನಾನು ಹೋದ ವರ್ಷವೇ ಹೇಳಿದ್ದೆ" ಅಂದಳು. ಕರ್ಣನ ರಥದ ಗಾಲಿ ಹೂತಾಗ ಅವನನ್ನು ನಿಜವಾಗಿ ಕೊಂದದ್ದು ಅರ್ಜುನನ ಬಾಣವೋ ಶಲ್ಯನ ಮಾತೋ ಅನ್ನುವ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅವತ್ತು ಪರಿಹಾರವಾಯಿತು.

ತುಕ್ಕು ಅಷ್ಟೊಂದು ಹಿಡಿದದ್ದು ಯಾಕೆ ಅಂತ ಹೇಳಬೇಕಾದರೆ ಉಪ್ಪಿನ ವಿಚಾರ ಹೇಳಬೇಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲಿ ಅಂತ ಉಪ್ಪು ಸುರಿಯುತ್ತಾರೆ. ಚಿಟಿಕೆ ಲೆಕ್ಕವಲ್ಲ, ಲಾರಿ ಲೆಕ್ಕ. ಕ್ಲೀವ್‌ಲ್ಯಾಂಡಿಗೆ ಅದನ್ನು ದೂರದಿಂದ ತರಬೇಕಾಗಿಯೂ ಇಲ್ಲ. ಊರಿನ ಪಕ್ಕದ ಈರಿ ಸರೋವರದ ತಳದಿಂದಲೂ ಕೆಳಗೆ, ಸುಮಾರು 1800 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಮೇಲೆ ಸಿಹಿನೀರಿನ ಸರೋವರ, ಕೆಳಗೆ ಉಪ್ಪು ಅಗೆಯುವ ಜನ. ಆ ಉಪ್ಪು ರಸ್ತೆಗೆ ಬಂದು, ರಸ್ತೆಯಿಂದ ಕಾರಿನ ಹೊಟ್ಟೆಗೆ ಮೆತ್ತಿಕೊಂಡು, ಗರಾಜಿಗೆ ಬಂದು ಕರಗಿ ಹನಿಹನಿಯಾಗಿ ಇಳಿಯುತ್ತದೆ. ನಮ್ಮ ಗರಾಜಿನ ನೆಲ ಬಲಕ್ಕೆ ಇಳಿಜಾರು. ಬಲಕ್ಕೆ ಯಾರು ನಿಂತಿದ್ದರು? ಗಾಡಿ. ಜೊತೆಗೆ ಹುಲ್ಲಿಗೆ ಎರಚುವ ಗೊಬ್ಬರದ ಚೀಲ ಬೇರೆ ಅದರ ಪಕ್ಕದಲ್ಲೇ. ಅದೂ ಕಬ್ಬಿಣಕ್ಕೆ ಶತ್ರು. ಹದಿನೈದು ಚಳಿಗಾಲ ಪಾಪದ ಗಾಲಿ ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತಿತ್ತು. ಉಪ್ಪಿನಕಾಯಿಗೂ ಅಷ್ಟು ವರ್ಷ ಬೇಡ.

ಮೇ ಮಧ್ಯದಲ್ಲಿ ನಮ್ಮ ಅತ್ತೆ ಮಾವ ಬಂದಿಳಿದರು. ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 33 ವರ್ಷ ಫಿಟ್ಟರಾಗಿದ್ದವರು. ಸಾಮಾನ್ಯವಾಗಿ ಮಾವಂದಿರು ಇಲ್ಲಿಗೆ ಬಂದರೆ ಮೊದಲ ವಾರ ನಯಾಗರ, ಎರಡನೆಯ ವಾರ ದೇವಸ್ಥಾನ, ಮೂರನೆಯ ವಾರದಿಂದ ಕಿಟಕಿ. ನಮ್ಮ ಮಾವ ಕಿಟಕಿಯ ಹೊರಗೆ ನೋಡಲಿಕ್ಕೆ ಏನೂ ಕಾಣದೆ ಗರಾಜಿಗೆ ಇಳಿದರು. ಜಾಕಿನ ಮೇಲೆ ಒಂದು ಕಾಲೆತ್ತಿಕೊಂಡು ನಿಂತಿದ್ದ ಗಾಡಿ ಕಣ್ಣಿಗೆ ಬಿತ್ತು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಸೊಟ್ಟಗಾದ ರಿಮ್ಮಿನ ಮೇಲೆ ಬೆರಳಾಡಿಸಿದರು.

"ಯಾರು ಹೊಡೆದದ್ದು?"

"ನಾನೇ ಮಾವ."

"ಸುತ್ತಿಗೇಲಿ?"

"ಹೌದು."

"ಹ್ಞೂಂ" ಅಂದರು. ಆ 'ಹ್ಞೂಂ'ನಲ್ಲಿ 33 ವರ್ಷದ ಅಪ್ರೆಂಟಿಸ್ ಹುಡುಗರೆಲ್ಲ ಬಂದು ನಿಂತ ಹಾಗಾಯಿತು. ಒಂದು ಮಾತು ಹೇಳಬೇಕು. ನಮ್ಮ ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರು ನನಗೆ ಒಮ್ಮೆಯೂ ಏಕವಚನ ಹಾಕಿದವರಲ್ಲ. ಅಳಿಯಂದಿರು ಊಟ ಮಾಡಿದ್ರಾ, ಅಳಿಯಂದಿರು ಮಲಗಿದ್ರಾ. ನನಗೂ ಅವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು ಗೊತ್ತಿಲ್ಲ. ಮರ್ಯಾದೆ ನಮ್ಮಿಬ್ಬರ ನಡುವೆ ಕೀ ಹೊಡೆದ ಹಾಗೆ ಕೂತಿತ್ತು.

ಮಾವ ಕೆಳಗೆ ಕೂತು ಹಬ್ಬಿನ ಮೇಲಿನ ಕೆಂಪು ಪುಡಿಯನ್ನು ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡರು. "ಕಬ್ಬಿಣ ತುಕ್ಕಾದ್ರೆ ಉಬ್ಬುತ್ತೆ. ಅಕ್ಕಿ ನೆನೆಹಾಕಿದ ಹಾಗೆ. ಅಚ್ಚಿಗೂ ಹಬ್ಬಿಗೂ ನಡುವೆ ಕೂದಲೆಳೆ ಸಂದಿ ಇತ್ತಲ್ಲ, ಅದೆಲ್ಲ ಈಗ ತುಂಬ್ಕೊಂಡು ಬಿಗೀತಾ ಇದೆ. ನೀವು ಹೊಡೆದಷ್ಟೂ ಅದು ಇನ್ನಷ್ಟು ಮೆತ್ತಿಕೊಳ್ಳುತ್ತೆ." ಆಮೇಲೆ ಅಂಗೈಯ ಪುಡಿಯನ್ನು ನೋಡುತ್ತ, "ಕೆಮ್ಮಣ್ಣುಗುಂಡಿ ಅದಿರೂ ಹೀಗೇ ಇರೋದು. ಕೆಮ್ಮಣ್ಣು ಅಂದ್ರೇನು, ತುಕ್ಕೇ. ಅದನ್ನ ತಂದು, ಬೇಯಿಸಿ, ನಾವು ಕಬ್ಬಿಣ ಮಾಡಿದ್ವಿ. ಈಗ ಅದು ವಾಪಸು ಊರಿಗೆ ಹೊರಟಿದೆ, ಅಷ್ಟೇ" ಅಂದರು.

ಭದ್ರಾವತಿಯ ಕಾರ್ಖಾನೆ ಕಬ್ಬಿಣ ಇಳಿಸಲು ಶುರುಮಾಡಿದ್ದು 1923ರಲ್ಲಿ. ಮೈಸೂರು ಸಂಸ್ಥಾನದ ಕಬ್ಬಿಣ, ವಿಶ್ವೇಶ್ವರಯ್ಯನವರ ಹಟ. ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಅದಿರು ಕರಗಿಸಿದರು. ಭದ್ರಾವತಿಗೆ ಮೊದಲು ಬೆಂಕಿಪುರ ಅಂತಲೇ ಹೆಸರು. ಆ ಊರಿನವರನ್ನು ನಾನು ಒಮ್ಮೆ ಕ್ಲೀವ್‌ಲ್ಯಾಂಡಿನ ಕಯಾಹೋಗ ನದಿಯ ಹತ್ತಿರ ಕರೆದುಕೊಂಡು ಹೋಗಿ, ಎಣ್ಣೆ, ಕಸ ತುಂಬಿ 1969ರ ಜೂನಿನಲ್ಲಿ ಇದೇ ನದಿಗೆ ಬೆಂಕಿ ಬಿದ್ದಿತ್ತು ಮಾವ ಅಂದೆ. ನದಿಯನ್ನು ಬಹಳ ಮರ್ಯಾದೆಯಿಂದ ನೋಡಿದರು. ನದಿಯ ದಡದಲ್ಲಿ ಹಡಗಿನಿಂದ ಇಳಿಸಿದ ಅದಿರಿನ ಗುಡ್ಡೆ ಕಂಡಾಗಂತೂ ನೆಂಟರ ಮನೆ ಸಿಕ್ಕಿದವರ ಹಾಗೆ ಮುಖ ಅರಳಿತು. ನಯಾಗರ ನೋಡಿ ಬಂದಾಗ ಅಷ್ಟು ಅರಳಿರಲಿಲ್ಲ. ನೀರು ಬೀಳುವುದು ಜೋಗದಲ್ಲೂ ಇದೆ.

ಅದಿರಲಿ. ಬೆಂಕಿಪುರದವರು, ಮೊದಲು ಬೆಂಕಿಯನ್ನೇ ಕೇಳುತ್ತಾರೆ ಅಂದುಕೊಂಡು ನಾನು ಗ್ಯಾಸಿನ ಟಾರ್ಚು ಕೊಂಡು ತಂದಿಟ್ಟಿದ್ದೆ. ಹಬ್ಬನ್ನು ಕಾಯಿಸಿದರೆ ಅದು ಹಿಗ್ಗುತ್ತದೆ, ಅಚ್ಚು ತಣ್ಣಗಿರುತ್ತದೆ, ಹಿಡಿತ ಸಡಿಲುತ್ತದೆ. ಇದು ನನಗೂ ಗೊತ್ತಿದ್ದ ವಿದ್ಯೆ. ಮಾವ ಟಾರ್ಚನ್ನು ತಿರುಗಿಸಿ ಮುರುಗಿಸಿ ನೋಡಿ, ಸೀಟಿನ ಕೆಳಗೆ ಬಗ್ಗಿ, "ಇದೇನು?" ಅಂದರು. ಪೆಟ್ರೋಲ್ ಟ್ಯಾಂಕು. ಗಾಲಿಯಿಂದ ಒಂದು ಮೊಳ ದೂರ. "ಟೈರಿನಲ್ಲಿ ಗಾಳಿ ಇದೆಯಾ?" ಇವತ್ತೇ ತುಂಬಿದ್ದೇನೆ ಮಾವ ಅಂದೆ. ಅವರು ಟಾರ್ಚನ್ನು ಮಡಿಲಿಗೆ ಹಾಕಿಕೊಂಡು ಸೀದಾ ಒಳಗೆ ಹೋಗಿ ಮಗಳ ಕೈಗೆ ಕೊಟ್ಟು, "ಇದನ್ನ ಬಚ್ಚಿಡು" ಅಂದರು. ಗಾಳಿ ತುಂಬಿದ ಟೈರಿನ ರಿಮ್ಮನ್ನು ಕಾಯಿಸಿದರೆ ಟೈರು ಸಿಡಿದು ಮನುಷ್ಯನನ್ನು ಮುಗಿಸಬಹುದು. ಪಕ್ಕದಲ್ಲಿ ಪೆಟ್ರೋಲ್ ಇದ್ದರೆ ಮಾತೇ ಇಲ್ಲ. ಓದುಗರಲ್ಲಿ ಯಾರಾದರೂ ಇಂಥ ಗಾಲಿಯ ಮುಂದೆ ಕೂತಿದ್ದರೆ ಈ ಒಂದು ಪ್ಯಾರಾವನ್ನು ಮಾತ್ರ ತಮಾಷೆ ಅಂದುಕೊಳ್ಳಬೇಡಿ.

ಬೆಂಕಿಯ ಬದಲು ಇವಳ ಕೂದಲು ಒಣಗಿಸುವ ಯಂತ್ರ ಬಂತು. ಅರ್ಧ ಗಂಟೆ ಬಿಸಿಗಾಳಿ ಊದಿದೆವು. ಹಬ್ ಬೆಚ್ಚಗಾಯಿತು. ಗಾಲಿಗೆ ಹಿತವಾಗಿರಬೇಕು, ಅಲುಗಾಡಲಿಲ್ಲ.

ಆಮೇಲೆ ಎಣ್ಣೆಯ ಸರದಿ. ನೀಲಿ ಹಳದಿ ಡಬ್ಬಿಯ ಡಬ್ಲ್ಯೂಡಿ-40 ಇಲ್ಲದ ಮನೆ ಅಮೆರಿಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. 1953ರಲ್ಲಿ ಸ್ಯಾನ್ ಡಿಯಾಗೊದ ಒಂದು ಸಣ್ಣ ಕಂಪನಿಯವರು ನೀರನ್ನು ಓಡಿಸುವ, ತುಕ್ಕು ತಡೆಯುವ ದ್ರವ ಬೇಕು ಅಂತ ಪ್ರಯೋಗ ಮಾಡುತ್ತ ಹೋಗಿ, 40ನೆಯ ಸಲ ಗೆದ್ದರು; ಆ ಸಂಖ್ಯೆಯೇ ಹೆಸರಿನಲ್ಲಿ ಉಳಿಯಿತು. ಮೊದಲು ಬಳಸಿದ್ದು ಅಟ್ಲಾಸ್ ಎಂಬ ಕ್ಷಿಪಣಿಯ ಮೈಗೆ. ಇದನ್ನು ಕೇಳಿದ ಮಾವ, "39 ಸಲ ತಪ್ಪಿದೋರು ಅಂದ್ರೆ ಒಳ್ಳೆ ಜನವೇ" ಅಂದರು. ಆದರೆ ಡಬ್ಬಿಯ ಬಗ್ಗೆ ಅವರಿಗೆ ಅಷ್ಟು ವಿಶ್ವಾಸ ಬರಲಿಲ್ಲ. ಅದರಲ್ಲಿ ತಪ್ಪೂ ಇಲ್ಲ. ನೀರು ಓಡಿಸಲು ಹುಟ್ಟಿದ ಎಣ್ಣೆ ಬೇರೆ, ಕಚ್ಚಿಕೊಂಡ ಸಂದಿಯೊಳಗೆ ನುಸುಳಲೆಂದೇ ಮಾಡಿದ ತೆಳು ಎಣ್ಣೆಗಳು ಬೇರೆ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬೇಲಿಯಿಲ್ಲದ ಬೇಲಿ ದಾಟಿ ಬಂದರು. ನಮ್ಮ ಹುಲ್ಲು 8 ಇಂಚಿನ ಗಡಿ ಮುಟ್ಟುವುದನ್ನು ನೋಡಲಾರದೆ ತಮ್ಮ ತಳ್ಳುಗಾಡಿಯನ್ನು ಎರವಲು ಕೊಟ್ಟಿದ್ದ ಪುಣ್ಯಾತ್ಮರು. ಅವರದು ಇನ್ನೊಂದು ಮದ್ದು: ಆಟೊಮ್ಯಾಟಿಕ್ ಕಾರುಗಳ ಗೇರಿಗೆ ಹಾಕುವ ಎಣ್ಣೆ ಅರ್ಧ, ಅಸಿಟೋನ್ ಅರ್ಧ. ಈ ದೇಶದ ಹಳೆಯ ಮೆಕ್ಯಾನಿಕ್ಕುಗಳ ಮನೆಮದ್ದು ಇದು, ನಮ್ಮಲ್ಲಿ ಕೆಮ್ಮಿಗೆ ಶುಂಠಿ ಕಾಳುಮೆಣಸು ಇದ್ದ ಹಾಗೆ. ಅಸಿಟೋನ್ ಎಲ್ಲಿಂದ ತರುವುದು? ಇವಳ ಉಗುರುಬಣ್ಣ ಅಳಿಸುವ ಬಾಟಲಿಯಲ್ಲಿತ್ತು. ಗೇರೆಣ್ಣೆ ಕೆಂಪಗಿರುತ್ತದೆ, ಎರಡೂ ಸೇರಿ ಆರತಿ ತಟ್ಟೆಯ ಓಕುಳಿಯ ಹಾಗಾಯಿತು. ಸುಮ್ಮನಿಟ್ಟರೆ ಬೇರೆಬೇರೆಯಾಗುತ್ತಿತ್ತು, ಹಾಕುವ ಮೊದಲು ಪ್ರತಿಸಲ ಕುಲುಕಬೇಕು. ಬೆಂಕಿ ಹತ್ತುವ ಸರಕಾದ್ದರಿಂದ ಕೂದಲು ಒಣಗಿಸುವ ಯಂತ್ರವನ್ನು ಮಾವ ಅದಕ್ಕೆ ಮೊದಲೇ ಮೇಲಕ್ಕೆ ಕಳಿಸಿದ್ದರು.

ಇಲ್ಲಿ ಮಾವನ ಕೈಗುಣ ನೋಡಬೇಕಿತ್ತು. ನಾನಾಗಿದ್ದರೆ ಎಣ್ಣೆಯನ್ನು ಗಾಲಿಯ ಮುಖಕ್ಕೆ ಎರಚಿ ಹೋಗುತ್ತಿದ್ದೆ, ಅದು ನೆಲಕ್ಕೆ ಇಳಿಯುತ್ತಿತ್ತು. ಅವರು ಎಡಗಡೆಯ ಟೈರಿನ ಗಾಳಿ ಇಳಿಸಿ, ಬಲಗಡೆ ಜಾಕಿನಿಂದ ಎತ್ತರಿಸಿ, ಗಾಡಿಯನ್ನು ಓರೆ ಮಾಡಿದರು. ಈಗ ಎಣ್ಣೆ ಹೊರಗಿನಿಂದ ಒಳಕ್ಕೆ ಹರಿಯಲೇಬೇಕು. ಕೀ ಕೂತ ಕಾಲುವೆಯ ಬಾಯಿ ಮೇಲಕ್ಕೆ ಬರುವ ಹಾಗೆ ಗಾಲಿ ತಿರುಗಿಸಿ, ಮೊಮ್ಮಗಳ ಔಷಧಿಯ ಸಿರಿಂಜಿನಿಂದ ಹತ್ತು ಹನಿ. ಬೆಳಿಗ್ಗೆ ಕಾಫಿಯಾದ ಮೇಲೆ ಹತ್ತು, ರಾತ್ರಿ ಊಟವಾದ ಮೇಲೆ ಹತ್ತು. ಒಂಬತ್ತು ದಿನ. ನಡುವೆ ಮರದ ತುಂಡಿನಿಂದ ಹಬ್ಬಿನ ಮೇಲೆ ಸಣ್ಣಗೆ ತಟ್ಟುವುದು, ಮಗುವಿಗೆ ತೇಗು ಬರಿಸುವ ಹಾಗೆ. "ಅಚ್ಚಿನ ತುದಿಗೆ ಮಾತ್ರ ಹೊಡೀಬಾರದು. ಆ ಪೆಟ್ಟು ಒಳಗೆ ಗೇರ್ ಪೆಟ್ಟಿಗೆಗೆ ಹೋಗಿ ಕೂರುತ್ತೆ."

ನನಗೆ ತಾಳ್ಮೆ ಕಡಿಮೆ. ನಾಲ್ಕನೆಯ ದಿನ, "ಮಾವ, ಇದು ಬರುತ್ತೆ ಅಂತೀರಾ?" ಅಂದೆ. ಅವರು ಉತ್ತರ ಕೊಡಲಿಲ್ಲ. ತರೀಕೆರೆ ಕಡೆಯ ಹಳ್ಳಿಯ ತಮ್ಮ ಅಪ್ಪನ ಎತ್ತಿನಗಾಡಿಯ ವಿಷಯ ತೆಗೆದರು. ಆ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗುತ್ತಿತ್ತಂತೆ, ಕೀಲೆಣ್ಣೆಯದು. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲೆಸಿ ಮಾಡಿದ ಕರೀ ಎಣ್ಣೆ. ದೂರದ ಹಾದಿ ಹೊರಡುವ ಹಿಂದಿನ ರಾತ್ರಿ ಕಡಾಣಿ ತೆಗೆದು, ಗಾಲಿ ಜರುಗಿಸಿ, ಅಚ್ಚಿಗೆ ಕೀಲೆಣ್ಣೆ ಬಳಿದೇ ಮಲಗುವುದು. ಮರೆತರೆ ಗಾಡಿ ಹಾದಿಯುದ್ದಕ್ಕೂ ಕಿರುಗುಟ್ಟಿ, ಇಂಥವನು ಮೈಗಳ್ಳ ಅಂತ ಊರಿಗೆಲ್ಲ ಸಾರುತ್ತಿತ್ತು. "ಇದೂ ಕಡಾಣಿಯೇ ಅಲ್ವ" ಅಂತ ನಾನು ಹೊಸದಾಗಿ ಕೊಂಡು ತಂದಿದ್ದ ಇ-ಕ್ಲಿಪ್ಪನ್ನು ಬೆಳಕಿಗೆ ಹಿಡಿದರು. "ಈ ಗಾಲಿಗೆ ಹಾಕೋವಾಗ ಒಂದು ಬೆರಳು ಗ್ರೀಸು ಬಳಿದಿದ್ರೆ ಸಾಕಿತ್ತು. ಕಾರ್ಖಾನೆಯವನೂ ಬಳೀಲಿಲ್ಲ, ಮಾರಿದವನೂ ಬಳೀಲಿಲ್ಲ, ಕೊಂಡವರೂ..." ಅಂದು ನಿಲ್ಲಿಸಿದರು. ಅಳಿಯನ ಮರ್ಯಾದೆ.

ಎತ್ತಿನಗಾಡಿಗೆ ಒಂದು ಅನುಕೂಲವಿತ್ತು, ಅದು ಕಿರುಗುಟ್ಟುತ್ತಿತ್ತು. ಇದು ಹದಿನೈದು ವರ್ಷ ಬಾಯಿಬಿಡಲಿಲ್ಲ. ಗಾಲಿ ಅಚ್ಚಿನ ಜೊತೆಗೇ ತಿರುಗುವುದರಿಂದ ಉಜ್ಜಾಟವಿಲ್ಲ, ಸದ್ದಿಲ್ಲ. ಸದ್ದಿಲ್ಲದ್ದಕ್ಕೆ ಎಣ್ಣೆ ಹಾಕುವ ಬುದ್ಧಿ ಯಾರಿಗೆ ಬರುತ್ತದೆ?

ಆ ಸಂಜೆಗಳಲ್ಲಿ ನಾನೂ ಕಥೆ ಹೇಳಿದೆ. ಅಯೋವಾ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಆಲ್ವಿನ್ ಸ್ಟ್ರೇಟ್ ಅಂತ 73 ವರ್ಷದ ಮುದುಕರಿದ್ದರು. ದೂರದ ವಿಸ್ಕಾನ್ಸಿನ್‌ನಲ್ಲಿದ್ದ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಕಣ್ಣು ಮಂದವಾಗಿ ಇವರಿಗೆ ಕಾರು ಓಡಿಸುವ ಲೈಸೆನ್ಸ್ ಇರಲಿಲ್ಲ. ಹುಲ್ಲು ಕತ್ತರಿಸುವ ಗಾಡಿಗೆ ಲೈಸೆನ್ಸ್ ಬೇಡವಲ್ಲ! 1994ರ ಬೇಸಿಗೆಯಲ್ಲಿ 1966ರ ಮಾಡಲಿನ ಇಂಥದ್ದೇ ಒಂದು ಗಾಡಿ ಹತ್ತಿ, ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು, ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ 240 ಮೈಲಿ ಹೋಗಿ ಅಣ್ಣನನ್ನು ನೋಡಿದರು. ಆರು ವಾರ ಹಿಡಿಯಿತು. 1999ರಲ್ಲಿ ಡೇವಿಡ್ ಲಿಂಚ್ ಅದನ್ನು ಸಿನಿಮಾ ಮಾಡಿದರು. 240 ಮೈಲಿ ಅಂದರೆ ಭದ್ರಾವತಿಯಿಂದ ಬೆಂಗಳೂರಿಗೆ ಹೋಗಿ, ಅರ್ಧ ದಾರಿ ವಾಪಸು ಬಂದಷ್ಟು.

ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಣ್ಣತಮ್ಮಂದಿರ ಮಾತು ಏನಾದರೂ ಬರಬಹುದು ಅಂತ ನಾನು ಕಾದೆ. ಮಾವ ಕೇಳಿದ್ದು, "28 ವರ್ಷದ ಗಾಡಿ. ಗಾಲಿಗೆ ಏನು ಹಾಕ್ತಿದ್ರಂತೆ?"

ಒಂಬತ್ತನೆಯ ದಿನ ಶನಿವಾರ. ಮಾವ ಎರಡೂ ಟೈರಿಗೆ ಗಾಳಿ ತುಂಬಿಸಿ, ಜಾಕು ಇಳಿಸಿ, ಬಲಗಾಲಿಗೆ ಕ್ಲಿಪ್ ಹಾಕದೆ, "ಈಗ ಇದರ ಮೇಲೆ ಭಾರ ಬೀಳಬೇಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಬೇಕು" ಅಂದರು. ಗಾಲಿ ಕಳಚಿಕೊಂಡರೆ ಅಪಾಯವಲ್ಲವೇ ಅಂದೆ. ಅಲಗು ತಿರುಗಿಸಬೇಡಿ, ಸಮತಟ್ಟು ಬಿಟ್ಟು ಹೋಗಬೇಡಿ, ನಡೆಯುವ ವೇಗ ಸಾಕು. ಇಷ್ಟು ಹೇಳಿ, ನನ್ನನ್ನು ಹತ್ತಿಸುತ್ತಾರೆ ಅಂದುಕೊಂಡರೆ, ಪಂಚೆ ಎತ್ತಿ ಕಟ್ಟಿ ತಾವೇ ಹತ್ತಿಬಿಟ್ಟರು.

ಆ ದೃಶ್ಯವನ್ನು ನಮ್ಮ ಬೀದಿ ಇನ್ನೂ ಮರೆತಿಲ್ಲ. ಪಂಚೆ, ಮೇಲೆ ನನ್ನ ಕಂಪನಿಯ ಹೆಸರಿರುವ ಜಾಕೆಟ್ಟು, ತಲೆಗೆ ಮಂಕಿಕ್ಯಾಪು. ಹುಲ್ಲಿನ ಮೇಲೆ 8ರ ಆಕಾರದಲ್ಲಿ ಸುತ್ತು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಪಕ್ಕದ ಮನೆಯ ಅಜ್ಜ ಕುರ್ಚಿ ಹಾಕಿಕೊಂಡು ಕೂತರು. ನಾಯಿ ವಾಕಿಂಗಿಗೆ ಹೊರಟಿದ್ದವರು ನಾಯಿಯ ಜೊತೆ ನಿಂತರು. ನಾಲ್ಕು ಸುತ್ತಿಗೆ ಸಾಕಾಗಿತ್ತು ಅಂತ ನನ್ನ ಅನುಮಾನ. ಉಳಿದ ಆರು ಅವರು ಗಾಲಿಗಾಗಿ ಹೊಡೆದದ್ದಲ್ಲ. ಏಳನೆಯ ಸುತ್ತಿನಲ್ಲಿ ಅತ್ತೆ ಬಿತ್ತಿದ್ದ ಮೆಂತ್ಯದ ಪಾತಿ ಹೋಯಿತು. ಅತ್ತೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮತ್ತೆ ಜಾಕು. ಹಬ್ಬಿನ ಹಿಂಭಾಗಕ್ಕೆ ನಾನು ಮರದ ತುಂಡು ಹಿಡಿಯುವುದು, ಮಾವ ಸಮ್ಮಟಿಗೆಯಿಂದ ಒಂದೊಂದೇ ಏಟು. ಒಂದು ಏಟು, ಗಾಲಿ ಕಾಲು ಸುತ್ತು. ಇನ್ನೊಂದು ಏಟು, ಮತ್ತೆ ಕಾಲು ಸುತ್ತು. ಯಾವ ಕಡೆಯೂ ಓರೆಯಾಗಬಾರದು. ನನ್ನ ಕೈ ನಡುಗಿ ಮರದ ತುಂಡು ಜಾರಿತು, ಏಟು ರಿಮ್ಮಿಗೆ ಬಿತ್ತು.

"ಥೂ, ನೆಟ್ಟಗೆ ಹಿಡ್ಕೊಳೋ ಅಂದ್ರೆ! ಎಲ್ಲಿ ನೋಡ್ತಿದೀಯಾ!"

ಗರಾಜಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಹದಿನಾಲ್ಕು ವರ್ಷದ 'ನೀವು' ಕಾಂಕ್ರೀಟಿನ ಮೇಲೆ ಬಿದ್ದಿತ್ತು. ಮಾವನಿಗೆ ಅದು ಗೊತ್ತೂ ಆಗಲಿಲ್ಲ. ಅವರು ಅಷ್ಟರಲ್ಲಿ ಭದ್ರಾವತಿಯಲ್ಲಿದ್ದರು. ನಾನು ನೆಟ್ಟಗೆ ಹಿಡಿದುಕೊಂಡೆ. ಮತ್ತೆ ಮೂರು ಏಟು. ನಾಲ್ಕನೆಯದಕ್ಕೆ ಅವರು ಸಮ್ಮಟಿಗೆ ಅರ್ಧಕ್ಕೆ ಹಿಡಿದು ತಲೆ ಓರೆ ಮಾಡಿ, "ಸದ್ದು ಬದಲಾಯ್ತು" ಅಂದರು. ನನಗೆ ಏನೂ ಬದಲಾದ ಹಾಗೆ ಕೇಳಿಸಲಿಲ್ಲ. ಇಲ್ಲಿಯವರೆಗೆ 'ಠಣ್' ಅನ್ನುತ್ತಿದ್ದದ್ದು ಈಗ 'ಡಬ್' ಅಂತಿದೆಯಂತೆ. ಟಾರ್ಚ್‌ಲೈಟು ಬಿಟ್ಟು ನೋಡಿದರೆ ಅಚ್ಚಿನ ಮೇಲೆ, ವಾಷರು ಕೂತಿದ್ದ ಜಾಗದ ಹಿಂದೆ, ಭತ್ತದ ಕಾಳಿನಷ್ಟು ಅಗಲಕ್ಕೆ ತುಕ್ಕು ಹರಿದು ಒಳಗಿನ ಉಕ್ಕು ಹೊಳೆಯುತ್ತಿತ್ತು. ಗಾಲಿ ಜರುಗಿತ್ತು. ಆಮೇಲೆ ಹತ್ತೇ ನಿಮಿಷ. ಕೊನೆಯ ಏಟಿಗೆ ಗಾಲಿ ನನ್ನ ತೊಡೆಯ ಮೇಲೆ ಬಂದು ಕೂತಿತು, ಕೀ ನೆಲಕ್ಕೆ ಬಿತ್ತು, ಹಿಂದೆಯೇ ಒಂದು ಹಿಡಿ ಕೆಮ್ಮಣ್ಣು. ಪಕ್ಕದ ಮನೆಯ ಅಜ್ಜ ಚಪ್ಪಾಳೆ ತಟ್ಟಿದರು. ಇವಳು ಬಾಗಿಲಲ್ಲಿ ನಿಂತು ಹೊಸ ಗಾಡಿಯ ಮಾತೆತ್ತದೆ ಕಾಫಿ ಕೊಟ್ಟಳು.

ಹೊಸ ಟೈರು ಬಂತು. ಮಾವ ಅಚ್ಚನ್ನು ಉಪ್ಪುಕಾಗದದಿಂದ ಉಜ್ಜಿ ಕನ್ನಡಿ ಮಾಡಿದರು. ನಾನು ಅಂಗಡಿಯಿಂದ ತಾಮ್ರದ ಪುಡಿ ಬೆರೆಸಿದ ಗ್ರೀಸು ತಂದೆ; ಮತ್ತೆ ಹೀಗೆ ಕಚ್ಚಿಕೊಳ್ಳದಿರಲಿ ಅಂತಲೇ ಮಾಡಿದ್ದು. ಬೆರಳಲ್ಲಿ ತೆಗೆದು ಮೂಸಿ ನೋಡಿ, ಪರವಾಗಿಲ್ಲ ಅಂದರು. ಬಳಿದು, ಗಾಲಿ ಸೇರಿಸಿ, ಕೀ ಕೂರಿಸಿ, ಕಡಾಣಿ ಹಾಕಿದರು. ಮರುದಿನ ಬೆಳಿಗ್ಗೆ, "ಅಳಿಯಂದಿರು ತಿಂಡಿ ತಿಂದ್ರಾ?" ಅಂತ ಕೇಳಿದಾಗ ನನಗೆ ಸ್ವಲ್ಪ ಬೇಜಾರೇ ಆಯಿತು.

ಎಡಗಾಲಿಯನ್ನೂ ಬಿಚ್ಚಿ ಗ್ರೀಸು ಬಳಿಯುವುದು ಅಂತ ಶುರುಮಾಡಿದರು. ಬರಲಿಲ್ಲ. ಓಕುಳಿ, ಸಮ್ಮಟಿಗೆ, ಎಂಟರ ಸುತ್ತು, ಎಲ್ಲ ಆಯಿತು. ಅಕ್ಟೋಬರಿನಲ್ಲಿ ಹೊರಡುವ ಮೊದಲು, ಅತ್ತೆ ತಲೆಗೆ ತಂಪು ಅಂತ ಊರಿನಿಂದ ತಂದಿದ್ದ ಹರಳೆಣ್ಣೆ ಬಾಟಲಿಯಲ್ಲಿ ಉಳಿದದ್ದನ್ನು ನನ್ನ ಕೈಗೆ ಕೊಟ್ಟು, ವಾರಕ್ಕೆ ಹತ್ತು ಹನಿ, ಮರೀಬೇಡಿ ಅಂದರು. ಅಮೆರಿಕದ ಮದ್ದುಗಳ ಮೇಲೆ ಅಷ್ಟರಲ್ಲಿ ಅವರಿಗೆ ನಂಬಿಕೆ ಹೋಗಿತ್ತು.

ಪ್ರತಿ ಭಾನುವಾರ ಅವರ ಫೋನು ಬರುತ್ತದೆ. ಮೊಮ್ಮಗಳ ವಿಷಯಕ್ಕಿಂತ ಮೊದಲು ಎಡಗಾಲಿಯ ವಿಷಯ. ಮೊನ್ನೆಯೂ ಕೇಳಿದರು, ಎಣ್ಣೆ ಬಿಟ್ರಾ ಅಂತ. ಬಿಟ್ಟೆ ಮಾವ ಅಂದೆ. ಬಿಟ್ಟಿರಲಿಲ್ಲ. ಫೋನು ಇಟ್ಟ ಮೇಲೆ ಗರಾಜಿಗೆ ಹೋಗಿ ಹತ್ತು ಹನಿ ಬಿಟ್ಟು ಬಂದೆ.